ಎರಡು ಸಲ ಬಿದ್ದ ಸಿಹಿ

ಲೋಕೇಶ ಬಿಯರ್ ಮಾಡುತ್ತಿದ್ದದ್ದು ಕುಡಿಯುವುದಕ್ಕಿಂತ ಹೆಚ್ಚಾಗಿ ವಿವರಿಸುವುದಕ್ಕೆ. ಹ್ಯಾರೋದ ಅವನ ಮನೆಯ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ಯಾರೂ ಕಂಡಿಲ್ಲ. ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿರುತ್ತಿತ್ತು. ಒಳಗೆ ಮುಚ್ಚಳದ ಬಿಳಿ ಬಕೆಟ್ಟುಗಳು, ರಬ್ಬರ್ ಪೈಪು, ಗೋಡೆಯುದ್ದಕ್ಕೂ ಕಂದು ಬಾಟಲಿಗಳ ಕ್ರೇಟುಗಳು. ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಈ ಇಂಗ್ಲಿಷ್ ಊರಿಗೆ ಬಂದು, ಮೂರು ಕಂಪನಿ ಬದಲಾಯಿಸಿ, ಕೊನೆಯವರು ಸಾಕು ಅಂದಾಗ ನಿವೃತ್ತನಾದ ಮನುಷ್ಯ. ಅವನಿಗೆ ಯಾರಿಗಾದರೂ ಏನಾದರೂ ಹೇಳಿಕೊಡುತ್ತಲೇ ಇರಬೇಕು. ಮನೆಗೆ ಬಂದವರಿಗೆ ಒಂದು ಗ್ಲಾಸು ಸಿಗಬೇಕಾದರೆ ಮೊದಲು ಪಾಠ ಕೇಳಲೇಬೇಕಿತ್ತು.

ಪಾಠ ಯಾವಾಗಲೂ ಒಂದೇ. ಹುದುಗಿ ಮುಗಿದ ಬಿಯರಿಗೆ ರುಚಿ ಬಂದಿರುತ್ತದೆ, ಜೀವ ಬಂದಿರುವುದಿಲ್ಲ. ಗುಳ್ಳೆ ಇಲ್ಲ, ನೊರೆ ಇಲ್ಲ. ಅದಕ್ಕೆ ಗ್ಯಾಸು ಕೂಡಿಸಲು ದಾರಿ ಎರಡು. ಒಂದು ಸ್ಟ್ಯಾನ್ಮೋರಿನಲ್ಲಿರುವ ಅವನ ಗೆಳೆಯ ಸುಧೀರನ ದಾರಿ. ಬಿಯರನ್ನು ಕೆಗ್ಗು ಎಂಬ ಸ್ಟೀಲಿನ ಪೀಪಾಯಿಗೆ ಸುರಿದು ಸಿಲಿಂಡರಿನಿಂದ ಗ್ಯಾಸು ನುಗ್ಗಿಸುವುದು. ಒಂದೆರಡು ದಿನದಲ್ಲಿ ಕೆಲಸ ಮುಗಿಯಿತು. ಇನ್ನೊಂದು ಲೋಕೇಶನ ದಾರಿ. ಬಾಟಲಿಗೆ ತುಂಬುವ ಮುಂಚೆ, ತೂಗಿದ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಬಕೆಟ್ಟಿಗೆ ಬೆರೆಸುವುದು, ಮುಚ್ಚಳ ಒತ್ತುವುದು, ಎರಡು ವಾರ ಕಾಯುವುದು. ತಳದಲ್ಲಿ ಉಳಿದ ಯೀಸ್ಟು ಆ ಸಕ್ಕರೆ ತಿಂದು ಗ್ಯಾಸು ಬಿಡುತ್ತದೆ, ಹೊರಗೆ ಹೋಗಲು ದಾರಿಯಿಲ್ಲದ ಗ್ಯಾಸು ಬಿಯರಿನೊಳಗೇ ಕರಗುತ್ತದೆ.

"ನಿಂದು ಪಂಪ್ ಹೊಡ್ದಿರೋ ಗಾಳಿ ಕಣೋ, ಸೈಕಲ್ ಟ್ಯೂಬಿಗೆ ಹೊಡೆಯೋ ಹಾಗೆ" ಎನ್ನುತ್ತಿದ್ದ ಲೋಕೇಶ.

"ನಿಂದು ಲಾಟರಿ" ಎನ್ನುತ್ತಿದ್ದ ಸುಧೀರ. "ಸಕ್ಕರೆ ಕಮ್ಮಿ ಆದ್ರೆ ಸಪ್ಪೆ, ಜಾಸ್ತಿ ಆದ್ರೆ ಬಾಂಬು."

"ಅದಕ್ಕೇ ತೂಗಿ ಹಾಕ್ಬೇಕು ಅನ್ನೋದು. ನನ್ನ ಒಂದು ಬಾಟಲಿ ಒಡೆದಿದ್ಯಾ ಇಷ್ಟು ವರ್ಷದಲ್ಲಿ?"

ಲೋಕೇಶನ ಹೆಂಡತಿ ವಿಶಾಲಾಕ್ಷಿ ಬಿಯರು ಮುಟ್ಟಿದವಳಲ್ಲ, ಆದರೆ ಈ ಪಾಠ ಅವಳಿಗೆ ಬಾಯಿಪಾಠ. ಅವಳದು ಒಂದೇ ಷರತ್ತು. ಆ ನಾತ ಅಡಿಗೆಮನೆಗೆ ಬರಕೂಡದು, ಅಡಿಗೆಮನೆಯ ಪಾತ್ರೆ ಗ್ಯಾರೇಜಿಗೆ ಹೋಗಕೂಡದು. ಸಕ್ಕರೆ ತೂಗುವುದಕ್ಕೆ ಒಂದು ಹಳೆಯ ಸ್ಟೀಲು ಬಟ್ಟಲನ್ನು ಅವನಿಗೆ ದಾನ ಕೊಟ್ಟು, ಅದನ್ನು ಮತ್ತೆ ಒಳಗೆ ಸೇರಿಸಿರಲಿಲ್ಲ.

ಗಂಡನನ್ನು ಬೈಯುವುದರಲ್ಲಿ ವಿಶಾಲಾಕ್ಷಿ ಎಂದೂ ಜಿಪುಣತನ ಮಾಡಿದವಳಲ್ಲ. ಒದ್ದೆ ಟವೆಲ್ಲಿಗೆ, ಹಾಲ್‌ನಲ್ಲಿ ಬಿಟ್ಟ ಚಪ್ಪಲಿಗೆ, ಯಾರೂ ಕೇಳದ ಪಾಠಕ್ಕೆ, ಎಲ್ಲದಕ್ಕೂ ಬೈದಿದ್ದಾಳೆ. ನೆಂಟರ ಮುಂದೆಯೂ ಬೈದಿದ್ದಾಳೆ. ಲೋಕೇಶನಿಗೂ ಅದರಲ್ಲಿ ಒಂಥರಾ ನೆಮ್ಮದಿಯೇ ಇತ್ತು. ಬೈಗುಳ ಕೇಳಿಸುತ್ತಿದೆ ಎಂದರೆ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದು. ಆದರೆ ಹೋದ ಚಳಿಗಾಲದಿಂದ ಒಂದು ವಿಷಯಕ್ಕೆ ಮಾತ್ರ ಅವಳು ಬೈಯುವುದನ್ನು ನಿಲ್ಲಿಸಿದ್ದಳು. ಒಂದು ಸಂಜೆ ಕೆಲಸದಿಂದ ಬಂದಾಗ ಪಾತ್ರೆಯಿಲ್ಲದ ಒಲೆ ಉರಿಯುತ್ತಿತ್ತು, ಅದರ ಪಕ್ಕದಲ್ಲೇ ಲೋಕೇಶ ಕೂತು ಫೋನ್ ನೋಡುತ್ತಿದ್ದ. ಬೈಯಬೇಕೆಂದು ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಹೆದರಿಕೆ ಬಂತು. ಒಲೆ ಆರಿಸಿ ಸುಮ್ಮನಾದಳು. ಬೈಯುತ್ತಿದ್ದಷ್ಟು ದಿನ ಅದು ಬರೀ ಮರೆವಾಗಿತ್ತು. ಬೈಯದೆ ಬಿಟ್ಟ ದಿನ ಅದು ಬೇರೆ ಏನೋ ಆಯಿತು.

ಅಲ್ಲಿಂದ ಅವಳಿಗೆ ಇನ್ನೊಂದು ನೌಕರಿ ಗಂಟುಬಿತ್ತು. ಹಗಲು ಸ್ಕೂಲಿನ ಆಫೀಸಿನಲ್ಲಿ ಯಾವ ಮಗು ಬಂದಿಲ್ಲ, ಯಾವ ತಾಯಿಗೆ ಫೋನ್ ಮಾಡಬೇಕು ಎಂದು ನೋಡುವ ಕೆಲಸ. ಮನೆಗೆ ಬಂದ ಮೇಲೆ ಅಡಿಗೆ. ಇವೆರಡರ ಮೇಲೆ ಗಂಡನ ಹಿಂದೆ ಹಿಂದೆ ಹೋಗಿ, ಅವನಿಗೆ ತಿಳಿಯದಂತೆ ಸರಿಮಾಡಿ ಬರುವ ಕೆಲಸ. ಅವನು ಬೀಗ ಹಾಕಿದ ಮೇಲೆ ಬೀಗ ಎಳೆದು ನೋಡುವುದು. ಅವನು ಸಾರಿಗೆ ಉಪ್ಪು ಹಾಕಿದ ಮೇಲೆ ರುಚಿ ನೋಡುವುದು. ಬೆಳಿಗ್ಗೆ ತಂದ ಹಾಲನ್ನೇ ಸಂಜೆ ಮತ್ತೆ ತಂದರೆ ಒಂದನ್ನು ಪಕ್ಕದ ಮನೆಗೆ ಕೊಟ್ಟುಬಿಡುವುದು. ಎರಡು ಸಲ ಹೇಳಿದ ಕತೆಗೆ ಎರಡು ಸಲವೂ ನಗುವುದು. ಈ ನೌಕರಿಗೆ ರಜೆಯಿಲ್ಲ. ಬಸ್ಸಿನಲ್ಲಿ ಕೂತರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಭಾನುವಾರವೂ ಸಾಕಾಗಿರುತ್ತಿತ್ತು, ಸೋಮವಾರವೂ ಸಾಕಾಗಿರುತ್ತಿತ್ತು.

ಕೊಲಿಂಡೇಲಿನ ಫ್ಲ್ಯಾಟಿನಲ್ಲಿದ್ದ ಮಗಳು ಸಿರಿಶಾಗೆ ಅಲ್ಪಸ್ವಲ್ಪ ತಿಳಿದಿತ್ತು. ಫೋನ್ ಮಾಡಿದಾಗಲೆಲ್ಲ ಅದೇ ಮಾತು: "ಅಮ್ಮಾ, ಟೇಕ್ ಹಿಮ್ ಟು ದ ಜಿಪಿ. ಪ್ಲೀಸ್. ಇಫ್ ದೇ ಕ್ಯಾಚ್ ಇಟ್ ಅರ್ಲಿ, ದೇ ಕ್ಯಾನ್ ಹೆಲ್ಪ್."

ಜಿಪಿಗೆ, ಅಂದರೆ ಬಡಾವಣೆಯ ಡಾಕ್ಟರಿಗೆ, ತೋರಿಸಲು ವಿಶಾಲಾಕ್ಷಿ ಪ್ರಯತ್ನ ಪಡದೆ ಇರಲಿಲ್ಲ. "ಒಂದ್ಸಲ ತೋರಿಸ್ಕೊಂಡು ಬರೋಣ ರೀ" ಎಂದರೆ, "ನನಗೇನಾಗಿದೆ? ಮೊದಲು ನಿನ್ನ ಮಗಳಿಗೆ ಅವಳ ಪಾಸ್‌ವರ್ಡು ನೆನಪಿದ್ಯಾ ಕೇಳು" ಎಂದು ನಗುತ್ತಿದ್ದ. ಇನ್ನೂ ಒತ್ತಾಯ ಮಾಡಿದರೆ ಮುಖ ಕೆಂಪಗಾಗುತ್ತಿತ್ತು, ಗ್ಯಾರೇಜಿನ ಬಾಗಿಲು ಹಾಕಿಕೊಳ್ಳುತ್ತಿದ್ದ.

ಫೆಬ್ರವರಿಯಲ್ಲಿ ಒಂದು ಪ್ರಕರಣ ನಡೆಯಿತು. ಮನೆಗೆ ಬಂದ ಗೆಳೆಯರ ಮುಂದೆ ಸುಧೀರ ಲೋಕೇಶನ ಹೊಸ ಬಾಟಲಿಯ ಮುಚ್ಚಳ ತೆಗೆದ. ಚುಸ್ ಎನ್ನಲಿಲ್ಲ. ಗ್ಲಾಸಿಗೆ ಸುರಿದರೆ ಒಂದು ಗುಳ್ಳೆಯೂ ಇಲ್ಲ. "ಏನ್ ಲೋಕೇಶ, ಇದು ಬಿಯರೋ ಬಾರ್ಲಿ ಗಂಜಿನೋ?" ಎಂದ. ಎಲ್ಲರೂ ನಕ್ಕರು. ಲೋಕೇಶನೂ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ವಿಶಾಲಾಕ್ಷಿ ಗ್ಯಾರೇಜಿಗೆ ಹೋಗಿ ನೋಡಿದರೆ ಒಬ್ಬನೇ ಚಳಿಯಲ್ಲಿ ಕ್ರೇಟಿನ ಮೇಲೆ ಕೂತಿದ್ದ.

"ವಿಶಾಲು, ನಾನು ಸಕ್ಕರೆ ಹಾಕಿದ್ದೆ ಅಲ್ವಾ?"

"ಹಾಕದೆ ಏನು? ಸಕ್ಕರೇನೇ ಸರಿ ಇರ್ಲಿಲ್ಲ ಅನ್ಸತ್ತೆ" ಎಂದಳು. ಹಾಕಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ತೂಗಿಟ್ಟ ಸಕ್ಕರೆ ಬಟ್ಟಲಿನಲ್ಲೇ ಗಟ್ಟಿಯಾಗಿ ಕೂತದ್ದನ್ನು ಒಂದು ವಾರದ ಹಿಂದೆ ಅವಳೇ ಕೆರೆದು ತೊಟ್ಟಿಗೆ ಹಾಕಿದ್ದಳು.

ಏಪ್ರಿಲಿನಲ್ಲಿ ಮತ್ತೆ ಬಿಯರು ಹಾಕಿದ. ಸುಧೀರನಿಗೆ ಅರವತ್ತು ತುಂಬುವ ಪಾರ್ಟಿಗೆ ಕೊಡಬೇಕು, ಬಾರ್ಲಿ ಗಂಜಿ ಎಂದವನ ಬಾಯಿ ಮುಚ್ಚಿಸಬೇಕು. ಬಾಟಲಿಗೆ ತುಂಬುವ ಶನಿವಾರ ಬೆಳಗಿನಿಂದ ಗ್ಯಾರೇಜಿನಲ್ಲೇ ಇದ್ದ. ಮಧ್ಯಾಹ್ನ ಊಟ ಮಾಡಿ, ಬೆನ್ನು ನೋವೆಂದು ಸ್ವಲ್ಪ ಹೊತ್ತು ಮಲಗಿದ. ಬಟ್ಟೆ ಒಣಗಿಸುವ ಮೆಷಿನ್ನು ಗ್ಯಾರೇಜಿನಲ್ಲೇ ಇದ್ದದ್ದರಿಂದ ವಿಶಾಲಾಕ್ಷಿ ಅಲ್ಲಿಗೆ ಹೋದಳು. ಬಿಯರೆಲ್ಲ ದೊಡ್ಡ ಬಕೆಟ್ಟಿಗೆ ಬಗ್ಗಿಸಿ ಮುಚ್ಚಿಟ್ಟಿದ್ದ. ತೊಳೆದ ಬಾಟಲಿಗಳು ಸಾಲಾಗಿ ಕಾಯುತ್ತಿದ್ದವು. ಪಕ್ಕದಲ್ಲಿ ಸ್ಟೀಲು ಬಟ್ಟಲು. ಅದರ ತುಂಬ ಸಕ್ಕರೆ.

ಪಾಠದ ಪ್ರಕಾರ, ಸಕ್ಕರೆ ಪಾಕ ಮೊದಲು ಬೀಳಬೇಕು, ಅದರ ಮೇಲೆ ಬಿಯರು ಬಗ್ಗಿಸಬೇಕು. ಬಿಯರು ಬಗ್ಗಿಸಿಯಾಗಿದೆ, ಸಕ್ಕರೆ ಹೊರಗಿದೆ. ಮತ್ತೆ ಮರೆತ, ಎಂದುಕೊಂಡಳು. ಎಬ್ಬಿಸಿ ಹೇಳಬಹುದಿತ್ತು. ಹೇಳಿದರೆ ಫೆಬ್ರವರಿಯದೂ ನೆನಪಾಗುತ್ತದೆ, ಮುಖ ಬಾಡುತ್ತದೆ. ಮುಖ ಬಾಡಿದವನನ್ನು ಸಮಾಧಾನ ಮಾಡುವ ಶಕ್ತಿಯೂ ಆ ದಿನ ಅವಳಲ್ಲಿ ಇರಲಿಲ್ಲ. ಸುಮ್ಮನೆ ಮಾಡಿ ಮುಗಿಸುವುದೇ ಸುಲಭ. ಕೆಟಲಿನ ನೀರು ತಂದು ಬಟ್ಟಲಿನಲ್ಲೇ ಸಕ್ಕರೆ ಕದಡಿ, ಆರಲು ಬಿಟ್ಟು, ಬಕೆಟ್ಟಿನ ಮುಚ್ಚಳ ಎತ್ತಿ, ಮೂಗು ಹಿಂಡಿಕೊಂಡು ಸುರಿದಳು. ಉದ್ದ ಚಮಚದಿಂದ ನಿಧಾನವಾಗಿ ತಿರುವಿದಳು. ಬಟ್ಟಲು ಒರೆಸಿ, ಇದ್ದಲ್ಲೇ ಇಟ್ಟಳು. ಸಂಜೆ ಅವನು ಎದ್ದು ಬಾಟಲಿ ತುಂಬಿ, ಸೀಟಿ ಹಾಕುತ್ತ ಮುಚ್ಚಳ ಒತ್ತಿದ. ಅಡಿಗೆಮನೆಯಲ್ಲಿ ನಿಂತು ಆ ಸೀಟಿ ಕೇಳಿದಾಗ ವಿಶಾಲಾಕ್ಷಿಗೆ ತಾನು ಮಾಡಿದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮೊದಲ ಬಾಟಲಿ ಸಿಡಿಯಿತು. ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಿದ್ದ ವಿಶಾಲಾಕ್ಷಿ ಸೌಟು ಬಿಟ್ಟಳು. ಎರಡನೆಯದು, ಮೂರನೆಯದು, ಆಮೇಲೆ ಒಟ್ಟಿಗೆ ನಾಲ್ಕೈದು. ಗಾಜು ಗ್ಯಾರೇಜಿನ ಬಾಗಿಲಿಗೆ ಬಡಿಯುವ ಸದ್ದು. ಕೆಳಗಿನಿಂದ ಬಿಯರು ಹರಿದು ಅಂಗಳಕ್ಕೆ ಬಂತು.

ಎಲ್ಲ ತಣ್ಣಗಾದ ಮೇಲೆ ಲೋಕೇಶ ಚಳಿಗಾಲದ ದಪ್ಪ ಕೋಟು ಹಾಕಿ, ತೋಟದ ಕೈಗವಸು ತೊಟ್ಟು, ಸಿರಿಶಾಳ ಹಳೆಯ ಸೈಕಲ್ ಹೆಲ್ಮೆಟ್ಟು ತಲೆಗಿಟ್ಟುಕೊಂಡು ಒಳಗೆ ಹೋದ. ಬೇರೆ ದಿನವಾಗಿದ್ದರೆ ಆ ವೇಷ ನೋಡಿ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಉಳಿದ ಬಾಟಲಿಗಳಿಗೆ ಒಂದೊಂದಾಗಿ ಟವೆಲ್ಲು ಸುತ್ತಿ ಮುಚ್ಚಳ ಸಡಿಲಿಸಿದ. ಪ್ರತಿಯೊಂದೂ ಬುಸ್ಸೆಂದು ಉಕ್ಕಿ ನೆಲಕ್ಕೆ ಹರಿಯಿತು, ಬಾಟಲಿಯಲ್ಲಿ ಉಳಿದದ್ದು ಗುಟುಕು ಮಾತ್ರ. ಕೆಲಸ ಮುಗಿಸಿ ಮೆಟ್ಟಿಲ ಮೇಲೆ ಕೂತ. ಹೆಲ್ಮೆಟ್ಟು ತೆಗೆಯುವುದನ್ನು ಮರೆತಿದ್ದ.

"ವಿಶಾಲು, ನಾನು ಎರಡು ಸಲ ಹಾಕಿದೀನಿ."

"ಏನು?"

"ಒಂದು ವಿಷಯ ಹೇಳ್ತೀನಿ, ಬೈಬೇಡ. ನಿಮ್ಮಕ್ಕ ಮಂಡ್ಯದಿಂದ ಕಳ್ಸಿದ್ದ ಬೆಲ್ಲ, ನೈವೇದ್ಯಕ್ಕೆ ಅಂತ ಎತ್ತಿಟ್ಟಿದ್ಯಲ್ಲ, ಅದನ್ನ ತಗೊಂಡೆ. ಮೊದಲು ಸಕ್ಕರೇನೇ ತೂಗಿದ್ದೆ, ಡಬ್ಬಿ ಬಳಿದು. ಆಮೇಲೆ ಬೆಲ್ಲ ಹಾಕಿದ್ರೆ ಘಮ ಚೆನ್ನಾಗಿರತ್ತೆ, ಸುಧೀರನಿಗೆ ತೋರಿಸ್ಬೇಕು ಅನ್ನಿಸ್ತು. ನೀನು ಸ್ನಾನಕ್ಕೆ ಹೋದಾಗ ಬೆಲ್ಲ ಕುದಿಸಿ, ಸೋಸಿ, ಬಕೆಟ್ಟಿಗೆ ಹಾಕಿದೆ. ಅದು ಚೆನ್ನಾಗಿ ನೆನಪಿದೆ."

ವಿಶಾಲಾಕ್ಷಿ ಗ್ಯಾರೇಜಿನೊಳಗಿನ ಸ್ಟೀಲು ಬಟ್ಟಲಿನ ಕಡೆ ನೋಡಿದಳು.

"ಬಾಟಲಿಗೆ ತುಂಬೋವಾಗ ಸಕ್ಕರೆ ಬಟ್ಟಲು ಖಾಲಿ ಇತ್ತು. ವಾಪಸ್ ಡಬ್ಬಿಗೆ ಸುರಿದಿದೀನಿ ಅಂದ್ಕೊಂಡೆ. ಈಗ ನೋಡ್ದೆ, ಡಬ್ಬಿ ಖಾಲಿ. ಅಂದ್ರೆ ಆ ಸಕ್ಕರೇನೂ ಬಕೆಟ್ಟಿಗೇ ಹೋಗಿದೆ. ನಾನೇ ಹಾಕಿದೀನಿ, ಇನ್ಯಾರು ಹಾಕ್ತಾರೆ? ಹಾಕಿದ್ದು ನನಗೆ ಗೊತ್ತೇ ಇಲ್ಲ ವಿಶಾಲು. ಮರೆತಿದೀನಿ ಅಂತಲ್ಲ. ಮಾಡಿದ ಕೆಲಸ ತಲೇಲಿ ಇಲ್ಲವೇ ಇಲ್ಲ."

ಹೇಳಬೇಕು, ಸಕ್ಕರೆ ನಾನು ಹಾಕಿದ್ದು ಎಂದು ಈಗಲೇ ಹೇಳಬೇಕು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನೇ ಅಂದ:

"ನಾಳೆ ಜಿಪಿಗೆ ಫೋನ್ ಮಾಡು. ಸಿರಿಶಾ ಹೇಳೋದು ಸರಿ. ತೋರಿಸ್ಕೋತೀನಿ."

ಒಂದು ವರ್ಷ ಬೇಡಿಕೊಂಡರೂ ಬಾರದಿದ್ದ ಮಾತು. ಸತ್ಯ ಹೇಳಿದರೆ ಆ ಮಾತು ವಾಪಸ್ಸು ಹೋಗುತ್ತದೆ. ಅವನ ತಲೆ ಸರಿಯಾಗಿತ್ತು, ತಪ್ಪಿದ್ದು ಅವಳದು ಎಂದಾಗುತ್ತದೆ. ಆಮೇಲೆ ಅವನನ್ನು ಡಾಕ್ಟರ ಬಾಗಿಲಿಗೆ ಕರೆದುಕೊಂಡು ಹೋಗಲು ದೇವರು ಬಂದರೂ ಆಗುವುದಿಲ್ಲ. ಸುಮ್ಮನಿದ್ದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ಅಷ್ಟು ದಣಿದವಳಿಗೆ ಸುಮ್ಮನಿರುವುದಕ್ಕಿಂತ ದೊಡ್ಡ ಆಸೆ ಇನ್ನೇನು?

"ಆಯ್ತು, ಮಾಡ್ತೀನಿ" ಎಂದಳು. ಅವನ ತಲೆಯಿಂದ ಹೆಲ್ಮೆಟ್ಟು ಬಿಚ್ಚಿದಳು.

ಅಪಾಯಿಂಟ್‌ಮೆಂಟು ಸಿಕ್ಕಿದ್ದು ಮೂರು ವಾರದ ನಂತರಕ್ಕೆ. ಆ ಮೂರು ವಾರದಲ್ಲಿ ಲೋಕೇಶ ಬೇರೆಯೇ ಮನುಷ್ಯನಾದ. ಕಾರಿನ ಕೀಲಿಯನ್ನು ತಂದು ದೇವರ ಪಟದ ಮುಂದೆ ಇಟ್ಟ, ಮತ್ತೆ ಮುಟ್ಟಲಿಲ್ಲ. ಒಲೆ ಹಚ್ಚುವುದನ್ನು ಬಿಟ್ಟ. ಕಾಫಿಗೆ ಸಕ್ಕರೆ ಹಾಕಿಕೊಂಡು ಚಮಚ ಹಿಡಿದೇ ನಿಲ್ಲುತ್ತಿದ್ದ: "ಹಾಕಿದ್ನಾ?" ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆಯ ಮೇಲೆ ಕೂತು ವಾರ, ತಿಂಗಳು, ಮಗಳ ಫೋನ್ ನಂಬರು ಎಲ್ಲವನ್ನೂ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ, ಪರೀಕ್ಷೆಗೆ ಹೋಗುವ ಹುಡುಗನ ಹಾಗೆ. ಪಕ್ಕದಲ್ಲಿ ಮಲಗಿದ್ದ ವಿಶಾಲಾಕ್ಷಿ ನಿದ್ದೆ ಬಂದಂತೆ ನಟಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಪಾಠ ಮಾಡುವುದು ಪೂರ್ತಿ ನಿಂತುಹೋಯಿತು. ಆ ಪಾಠಕ್ಕೆ ಎಷ್ಟು ವರ್ಷ ಬೈದಿದ್ದಳೋ, ಅದು ಇಲ್ಲದ ಮನೆಯಲ್ಲಿ ಈಗ ಅವಳಿಗೆ ಉಸಿರು ಕಟ್ಟುತ್ತಿತ್ತು.

ಒಂದು ಶನಿವಾರ ಸುಧೀರನನ್ನು ಕರೆಸಿ ಬಕೆಟ್ಟು, ಪೈಪು, ಉಳಿದ ಬಾಟಲಿ, ಮುಚ್ಚಳ ಒತ್ತುವ ಯಂತ್ರ, ಎಲ್ಲ ಅವನ ಕಾರಿಗೆ ತುಂಬಿದ.

"ಲೇ, ಒಂದು ಬ್ಯಾಚ್ ಹಾಳಾಯ್ತು ಅಂತ ಯಾರಾದ್ರೂ ಸನ್ಯಾಸ ತಗೋತಾರಾ?" ಎಂದ ಸುಧೀರ. "ನನ್ನ ಕೆಗ್ಗು ಒಂದ್ಸಲ ಲೀಕ್ ಆಗಿ ಸಿಲಿಂಡರ್ ಪೂರ್ತಿ ಖಾಲಿ ಆಗಿತ್ತು. ನಾನು ಬಿಟ್ನಾ?"

"ನಿಂದೇ ಸರಿ ಕಣೋ. ಗುಂಡಿ ತಿರುಗಿಸಿದ್ರೆ ಮುಗೀತು, ಏನೂ ನೆನಪಿಟ್ಕೋಬೇಕಾಗಿಲ್ಲ" ಎಂದು ಲೋಕೇಶ ಒಳಗೆ ಹೋದ.

ತಮಾಷೆಗೆ ತಯಾರಾಗಿ ಬಂದಿದ್ದ ಸುಧೀರ ಡಿಕ್ಕಿ ಮುಚ್ಚುತ್ತ ಕೇಳಿದ, "ಏನಾಯ್ತು ಅತ್ತಿಗೆ?"

"ಏನಿಲ್ಲ, ಬೇಜಾರು ಅಷ್ಟೆ" ಎಂದಳು ವಿಶಾಲಾಕ್ಷಿ. ಕಾರು ಹೋದ ಮೇಲೆ ಖಾಲಿ ಗ್ಯಾರೇಜಿನಲ್ಲಿ ನಿಂತು ಅತ್ತಳು. ಒಂದು ಮಾತಿನಿಂದ ಇದನ್ನೆಲ್ಲ ನಿಲ್ಲಿಸಬಹುದಿತ್ತು. ಇನ್ನು ಒಂದು ವಾರ, ಡಾಕ್ಟರು ಒಂದು ಸಲ ನೋಡಿಬಿಡಲಿ, ಆಮೇಲೆ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಕಣ್ಣು ಒರೆಸಿಕೊಂಡಳು.

ಆ ದಿನ ಬಂತು. ಜಿಪಿಯ ಕ್ಲಿನಿಕ್ಕಿಗೆ ಬಸ್ಸಿನಲ್ಲಿ ಹೋದರು. ವಿಶಾಲಾಕ್ಷಿಗೆ ಡ್ರೈವಿಂಗ್ ಬರುವುದಿಲ್ಲ. ಡಾಕ್ಟರು ಸಿರಿಶಾಗಿಂತ ಚಿಕ್ಕವಳಂತೆ ಕಂಡಳು. ಏನು ತೊಂದರೆ ಎಂದು ಕೇಳಿದಳು.

"ನಾನು ಸಕ್ಕರೆ ಎರಡು ಸಲ ಹಾಕಿದೆ" ಎಂದು ಲೋಕೇಶ ಇಂಗ್ಲಿಷಿನಲ್ಲಿ ಶುರುಮಾಡಿದ.

ಡಾಕ್ಟರು ನಕ್ಕಳು. ಚಹಾಗೆ ತಾನೂ ಹಾಗೆ ಹಾಕಿಬಿಡುತ್ತೇನೆ ಎಂದಳು.

ಚಹಾ ಅಲ್ಲ ಎಂದು ಲೋಕೇಶ ಕುರ್ಚಿಯ ಅಂಚಿಗೆ ಸರಿದು ಕೂತ. ಹುದುಗಿದ ಬಿಯರಿನಲ್ಲಿ ಗ್ಯಾಸು ಯಾಕೆ ಇರುವುದಿಲ್ಲ, ಯೀಸ್ಟು ಎಲ್ಲಿ ಉಳಿದಿರುತ್ತದೆ, ಅದಕ್ಕೆ ಎಷ್ಟು ಸಿಹಿ ಕೊಡಬೇಕು, ಸೆಖೆ ಹೆಚ್ಚಾದರೆ ಏನಾಗುತ್ತದೆ, ಸಕ್ಕರೆಗೂ ಬೆಲ್ಲಕ್ಕೂ ಏನು ವ್ಯತ್ಯಾಸ, ಎರಡೂ ಬಿದ್ದರೆ ಗಾಜು ಯಾಕೆ ತಡೆಯುವುದಿಲ್ಲ. ಮೂರು ವಾರದಿಂದ ಸತ್ತುಹೋಗಿದ್ದ ಪಾಠ ಒಂದಕ್ಷರ ತಪ್ಪದೆ ಹೊರಗೆ ಬಂತು. ಕೊನೆಗೆ ಡಾಕ್ಟರು ಅವನ ತಲೆಯಲ್ಲಿ ಏನೂ ಕೆಟ್ಟಂತೆ ಕಾಣುವುದಿಲ್ಲ ಎಂಬಂತೆ ಅವನನ್ನೇ ನೋಡುತ್ತಿದ್ದಳು. ನಿವೃತ್ತಿಯಾದ ಮೇಲೆ ಹಲವರಿಗೆ ಇಂಥ ಗಾಬರಿ ಆಗುತ್ತದೆ ಎಂದಳು. ರಕ್ತ ಪರೀಕ್ಷೆ ಮಾಡಿಸೋಣ, ಆರು ತಿಂಗಳು ಬಿಟ್ಟು ನೋಡೋಣ. ಆಮೇಲೆ ನೆನಪಾದವಳಂತೆ ವಿಶಾಲಾಕ್ಷಿಯ ಕಡೆ ತಿರುಗಿ, ನೀವು ಬೇರೆ ಏನಾದರೂ ಗಮನಿಸಿದ್ದೀರಾ ಎಂದು ಕೇಳಿದಳು.

ಅವಳು ಬಾಯಿ ತೆರೆಯುವ ಮೊದಲೇ ಲೋಕೇಶ ಹೇಳಿದ: "ಬೇರೆ ಏನೂ ಇಲ್ಲ ಡಾಕ್ಟರ್. ಇದ್ದಿದ್ದರೆ ಇವಳು ನನಗೆ ಹೇಳದೆ ಬಿಡುತ್ತಿರಲಿಲ್ಲ. ಮದುವೆಯಾದಾಗಿನಿಂದ ನನ್ನ ಒಂದು ತಪ್ಪನ್ನೂ ಬಿಟ್ಟವಳಲ್ಲ."

ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು. ಅದನ್ನು ನೋಡಿ ವಿಶಾಲಾಕ್ಷಿಗೆ ತಡೆಯಲಾಗಲಿಲ್ಲ.

"ಸಕ್ಕರೆ ಹಾಕಿದ್ದು ನಾನು" ಎಂದಳು, ಕನ್ನಡದಲ್ಲಿ, ಅವನಿಗೆ. ಆಮೇಲೆ ಇಂಗ್ಲಿಷಿನಲ್ಲಿ, ಡಾಕ್ಟರಿಗೆ. "ಆ ದಿನ ಅವರು ಏನೂ ಮರೆತಿರಲಿಲ್ಲ. ಬೆಲ್ಲ ಸರಿಯಾಗಿಯೇ ಹಾಕಿದ್ದರು. ನಾನು ಮರೆತಿದ್ದಾರೆ ಅಂದುಕೊಂಡು ಸಕ್ಕರೆ ಹಾಕಿದೆ."

ಹಾಗೆ ಯಾಕೆ ಅಂದುಕೊಂಡಿರಿ ಎಂದು ಡಾಕ್ಟರು ಮೆಲ್ಲಗೆ ಕೇಳಿದಳು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಹೇಳಿದಳು. ಉರಿಯುತ್ತಿದ್ದ ಒಲೆ, ತೆರೆದೇ ಇದ್ದ ಮುಂಬಾಗಿಲು, ಎರಡು ಸಲ ಬಂದ ಹಾಲು, ಫೆಬ್ರವರಿಯ ಬಾಟಲಿಗಳು, ಅಂಗಡಿಯ ಮುಂದೆ ಕಾರಿನಲ್ಲಿ ಕೂತು ಯಾಕೆ ಬಂದೆ ಎಂದು ತಿಳಿಯದೆ ಅವನು ಅವಳಿಗೆ ಫೋನ್ ಮಾಡಿದ್ದು. ಅವನ ಮುಖ ನೋಡಲಿಲ್ಲ, ಡಾಕ್ಟರ ಕೀಬೋರ್ಡನ್ನೇ ನೋಡುತ್ತ ಹೇಳಿದಳು. ಹೇಳುತ್ತ ಹೋದಂತೆ ಇನ್ನೂ ಎಷ್ಟಿದೆ ಎಂದು ಅವಳಿಗೇ ಆಶ್ಚರ್ಯವಾಯಿತು. ಡಾಕ್ಟರು ಆರು ತಿಂಗಳ ಮಾತು ಬಿಟ್ಟಳು. ನೆನಪಿನ ತೊಂದರೆ ನೋಡುವ ಮೆಮೊರಿ ಕ್ಲಿನಿಕ್ಕಿಗೆ ಇವತ್ತೇ ಬರೆಯುತ್ತೇನೆ ಎಂದಳು. ಲೋಕೇಶ ತಲೆಯಾಡಿಸಿ, ಥ್ಯಾಂಕ್ಯೂ ಹೇಳಿ ಎದ್ದ. ಹೆಂಡತಿಗೆ ಬಾಗಿಲು ಹಿಡಿದುಕೊಂಡ.

ಬಸ್‌ಸ್ಟಾಪಿನಲ್ಲಿ ತುಂತುರು ಮಳೆ. ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು.

"ಅವತ್ತು ನಾನು ಸರಿಯಾಗೇ ಹಾಕಿದ್ದೆ" ಎಂದ ಲೋಕೇಶ.

"ಹೂಂ."

"ಮೂರು ವಾರ ವಿಶಾಲು. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ಇವತ್ತು ಇನ್ನೇನು ಹೋಗಿದ್ಯೋ ಅಂತ ಹುಡುಕ್ತಿದ್ದೆ. ಪಕ್ಕದಲ್ಲೇ ಇದ್ದೆ ನೀನು. ನಿನಗೆ ಗೊತ್ತಿತ್ತು."

"ಹೇಳಿದ್ರೆ ನೀವು ಇಲ್ಲಿಗೆ ಬರ್ತಿರ್ಲಿಲ್ಲ."

"ಬರ್ತಿರ್ಲಿಲ್ಲ" ಎಂದು ಒಪ್ಪಿಕೊಂಡ. "ಆದ್ರೂ ನೀನು ಮಾಡಿದ್ದು ತಪ್ಪು."

"ತಪ್ಪು. ನನಗೆ ಸಾಕಾಗಿಹೋಗಿತ್ತು ರೀ. ಒಂದು ವರ್ಷದಿಂದ ನಿಮ್ಮ ಕೆಲಸಾನೂ ಮಾಡ್ತಾ, ನನ್ನ ಕೆಲಸಾನೂ ಮಾಡ್ತಾ, ಮಾಡಿಲ್ಲ ಅನ್ನೋ ಹಾಗೆ ಇರೋದು. ನನ್ನ ಕೈಲಿ ಇನ್ನು ಆಗಲ್ಲ." ಅವಳ ದನಿ ಒಡೆಯಿತು. ಸ್ಟಾಪಿನಲ್ಲಿದ್ದ ಮುದುಕಿಯೊಬ್ಬಳು ಇವರನ್ನು ನೋಡದಂತೆ ರಸ್ತೆಯ ಕಡೆ ತಿರುಗಿದಳು.

ಕೋಪ ಇನ್ನೂ ಲೋಕೇಶನ ದವಡೆಯಲ್ಲಿತ್ತು.

"ನನ್ನ ಮರೆವಿಗೆ ನೀನು ಬೈಯೋದು ನಿಲ್ಸಿದ್ದು ನಾನು ಗಮನಿಸಿದ್ದೆ" ಎಂದ. "ವಯಸ್ಸಾಯ್ತು, ಮೆತ್ತಗಾಗಿದಾಳೆ ಅಂದ್ಕೊಂಡಿದ್ದೆ. ಹಿಂದಿನಿಂದ ಬರಬೇಡ ಇನ್ನು. ಎದುರಿಗೆ ಹೇಳು. ಹೆಂಗಿರತ್ತೋ ನೋಡೋಣ."

"ನಿಮಗೆ ನೋವಾಗತ್ತೆ."

"ಆಗ್ಲಿ. ಗೊತ್ತಿಲ್ದೆ ಇರೋದಕ್ಕಿಂತ ವಾಸಿ."

ಬಸ್ಸು ಬಂತು. ಕೆಳಗಿನ ಅಂತಸ್ತಿನಲ್ಲೇ ಪಕ್ಕಪಕ್ಕದಲ್ಲಿ ಸೀಟು ಸಿಕ್ಕಿತು. ಸ್ಕೂಲು ಬಿಟ್ಟ ಮಕ್ಕಳು, ಶಾಪಿಂಗ್ ಚೀಲಗಳು, ಒದ್ದೆ ಕೋಟಿನ ವಾಸನೆ. ಮಂಜು ಒರೆಸಿದ ಕಿಟಕಿಯಲ್ಲಿ ಹ್ಯಾರೋದ ಅಂಗಡಿಗಳು ಒಂದೊಂದಾಗಿ ಹಿಂದೆ ಹೋದವು. ವಿಶಾಲಾಕ್ಷಿಯ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಪಕ್ಕದಲ್ಲಿ ಸರಿದಾಡಿದ್ದಕ್ಕೆ ಎಚ್ಚರವಾಯಿತು. ಲೋಕೇಶ ಬಸ್ಸು ನಿಲ್ಲಿಸುವ ಗುಂಡಿ ಒತ್ತಿ ಎದ್ದು ಕಂಬ ಹಿಡಿದು ನಿಂತಿದ್ದ. ಅವರ ಸ್ಟಾಪು ಇನ್ನೂ ಎಷ್ಟೋ ಮುಂದಿತ್ತು.

ಅವಳ ಕಾಲುಗಳು ತಾವಾಗಿ ಎದ್ದವು. ಅವನ ಜೊತೆ ಇಳಿದುಬಿಡುವುದು, ತರಕಾರಿ ತಗೋಬೇಕಿತ್ತು, ನಡೆದುಕೊಂಡೇ ಹೋಗೋಣ ಎನ್ನುವುದು. ಒಂದು ವರ್ಷದಿಂದ ಹೀಗೇ. ಬಸ್ಸು ನಿಂತಿತು, ಬಾಗಿಲು ತೆರೆಯಿತು. ಮಕ್ಕಳು ದಾರಿ ಬಿಟ್ಟರು. ಅವನು ಒಂದು ಹೆಜ್ಜೆ ಇಟ್ಟ.

"ರೀ" ಎಂದಳು ವಿಶಾಲಾಕ್ಷಿ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು, ನಾಲ್ಕು ಜನ ತಿರುಗಿ ನೋಡಿದರು. "ಇದು ನಮ್ಮ ಸ್ಟಾಪ್ ಅಲ್ಲ."

ಲೋಕೇಶ ಅಲ್ಲೇ ನಿಂತ. ಹೊರಗೆ ನೋಡಿದ, ತಿರುಗಿ ಅವಳನ್ನು ನೋಡಿದ. ಕುತ್ತಿಗೆಯಿಂದ ಹಣೆಯವರೆಗೂ ಕೆಂಪಗಾಗಿದ್ದ. ಆ ಮುಖ ನೋಡಬಾರದೆಂದೇ ಅವಳು ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದಳು. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಅವನು ಸೀಟು ಸೀಟು ಹಿಡಿದುಕೊಂಡು ವಾಪಸ್ಸು ಬಂದು ಅವಳ ಪಕ್ಕದಲ್ಲಿ ಕೂತ.

"ನಮ್ಮದು ಯಾವುದು?" ಎಂದು ಕೇಳಿದ.